ಬರ್ರಿ ಅನ್ನದ ಮನೆ

ದೇವದುರ್ಗದ ನಮ್ಮ ಮನೆಯ ಕಲ್ಲಿನ ಬಟ್ಟಲು ಈಗ ರಾಯಚೂರಿನಲ್ಲಿ ನನ್ನ ಅಡುಗೆಮನೆಯ ಕಟ್ಟೆಯ ಮೇಲಿದೆ. ಅದನ್ನು ಕೇಳಿಕೊಂಡು ಹೋದ ತಿಂಗಳು ನಮ್ಮ ಅಣ್ಣನ ಮಗ ಬಂದಿದ್ದ. ಔಷಧಿಶಾಸ್ತ್ರ ಓದಿದವನು, ಮಾತಿಗೆ ಮುಂಚೆ ಫೋನು ಹೊರಗೆ ತೆಗೆಯುವವನು. ಇದೇ ಊರಲ್ಲಿ ಗಾಜಿನ ಬಾಗಿಲಿನ ಅಂಗಡಿ ತೆರೆದಿದ್ದಾನೆ. ನಮ್ಮ ಅಜ್ಜ, ಅಂದರೆ ಮುತ್ಯಾ, ಕಾಮಣಿಗೆ, ಅಂದರೆ ಕಾಮಾಲೆ ರೋಗಕ್ಕೆ, ಕೊಡುತ್ತಿದ್ದ ನೆಲನೆಲ್ಲಿಯನ್ನು ಒಣಗಿಸಿ, ಪುಡಿ ಮಾಡಿ, ಹಸಿರು ಡಬ್ಬಿಗೆ ತುಂಬಿ, ಡಬ್ಬಿಯ ಮೇಲೆ ಮುತ್ಯಾನ ಫೋಟೊ ಹಾಕಿ ಮಾರುತ್ತಾನೆ. ಫೋಟೊದಲ್ಲಿ ಮುತ್ಯಾ ಶಾಂತಮೂರ್ತಿಯಾಗಿ ಕೂತಿದ್ದಾನೆ. ಜೀವಮಾನದಲ್ಲಿ ಅವನು ಹಾಗೆ ಕೂತದ್ದನ್ನು ನಾನಂತೂ ಕಂಡಿಲ್ಲ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಅವನ ಗುಣಗಾನವಿದೆ. ಆ ಕಾಲದಲ್ಲೇ ಔಷಧಿಗೆ ಬಂದವರು ತಮ್ಮ ತಮ್ಮ ಲೋಟ ತಾವೇ ತರಬೇಕೆಂದು ಕಟ್ಟಳೆ ಮಾಡಿದ ದೂರದೃಷ್ಟಿಯ ಹಿರಿಯರಂತೆ. ಓದಿ ನನಗೆ ಚಹಾ ನೆತ್ತಿಗೇರಿತು.

“ಅತ್ತಿ, ಆ ಬಟ್ಟಲು ಅಂಗಡ್ಯಾಗ ಇಡಬೇಕು ಅಂತ ಮಾಡೀನಿ. ಗಾಜಿನ ಪೆಟ್ಟಿಗ್ಯಾಗ ಇಟ್ಟು ಮ್ಯಾಲ ಒಂದು ಲೈಟ್ ಹಾಕಸ್ತೀನಿ. ಬಂದವರು ಕೈ ಮುಗೀತಾರ.”

“ಒಳಗದ ನೋಡು, ಒಲಿ ಬಾಜೂಕ. ತಗೊ.”

ಹುಡುಗ ಖುಷಿಯಿಂದ ಒಳಗೆ ಹೋದ. ಮೇಲೆ ಮುಚ್ಚಿದ್ದ ತಟ್ಟೆ ಎತ್ತಿದ. ಒಳಗೆ ಹರಳುಪ್ಪು ತುಂಬಿತ್ತು. ಚೇಳು ಕಂಡವನ ಹಾಗೆ ಕೈ ಹಿಂದಕ್ಕೆಳೆದುಕೊಂಡ.

“ಉಪ್ಪು ಇಟ್ಟೀರಿ ಇದರಾಗ?”

“ಮೊದಲಿಂದಲೂ ಉಪ್ಪೇ ಇಡ್ತೀನಿ.”

“ಹಂಗಾರ ಬ್ಯಾಡ ಬಿಡ್ರಿ ಅತ್ತಿ.”

ತಟ್ಟೆ ಮೊದಲಿನಂತೆ ಮುಚ್ಚಿ, ಕೈ ತೊಳೆದುಕೊಂಡು, ಚಹಾ ಅರ್ಧ ಕುಡಿದು ಹೋದ. ಡಬ್ಬಿಯ ಮೇಲೆ ಕೊನೆಯ ತಾರೀಖು ಅಚ್ಚು ಹಾಕಿಸಲು ಗೊತ್ತು, ರೋಗಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಅನ್ನುವುದೂ ಗೊತ್ತು. ಆದರೆ ಉಪ್ಪು ಮುಟ್ಟಿದ ಬಟ್ಟಲನ್ನು ಮುಟ್ಟಲು ಧೈರ್ಯವಿಲ್ಲ. ನಮ್ಮ ವಂಶದ ಗಂಡಸರಿಗೆ ಎಷ್ಟು ಓದಿಸಿದರೂ ಇಷ್ಟೇ ಎಂದುಕೊಂಡೆ. ಆ ಬಟ್ಟಲಿಗೆ ಉಪ್ಪು ಯಾರು, ಯಾಕೆ ಹಾಕಿದರು ಅಂತ ಅವನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಕೇಳಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಓಣಿಗೆ ಬೇರೆ ಹೆಸರಿತ್ತು. ಆದರೆ ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಇಳಿದವರು ಕೇಳುತ್ತಿದ್ದದ್ದು ‘ಕಾಮಣಿ ಮನಿ ಎಲ್ಲದ’ ಅಂತ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಮುಂದೆ ಪಡಸಾಲೆ, ನಡುವೆ ಅಂಗಳ, ಹಿಂದೆ ಹಿತ್ತಲು, ಬಚ್ಚಲು. ಅಂಗಳದ ಮೂಲೆಗೆ, ಪಡಸಾಲೆಗೆ ತಾಗಿ, ಕಿಟಕಿಯಿಲ್ಲದ ಒಂದು ಖೋಲಿ. ಅದು ಔಷಧಿ ಖೋಲಿ. ಮನೆಯಲ್ಲಿದ್ದವರು ಮುತ್ಯಾ, ಅಪ್ಪ, ಅವ್ವ, ಅಣ್ಣ, ನಾನು. ಮುತ್ಯಾ ಮಾತಾಡುತ್ತಿದ್ದ, ಅಪ್ಪ ಹೂಂ ಅನ್ನುತ್ತಿದ್ದ, ಅವ್ವ ದುಡಿಯುತ್ತಿದ್ದಳು, ಅಣ್ಣ ಎಲ್ಲರಿಗಿಂತ ಮೊದಲು ಉಣ್ಣುತ್ತಿದ್ದ. ನನ್ನ ಕೆಲಸ ಇದನ್ನೆಲ್ಲ ನೋಡುವುದಾಗಿತ್ತು. ಅಪ್ಪನಂಥ ಹೂಂಗುಟ್ಟುವ ಗಂಡಸನ್ನು ನಾನು ಮುಂದೆ ಕೆಲಸ ಮಾಡಿದ ಶಾಲೆಗಳ ಸಿಬ್ಬಂದಿ ಕೋಣೆಗಳಲ್ಲಿ ಬೇಕಾದಷ್ಟು ಕಂಡೆ. ಆದರೆ ಅವರೆಲ್ಲ ಸಂಬಳಕ್ಕಾಗಿ ಹೂಂ ಅನ್ನುತ್ತಿದ್ದರು. ಅಪ್ಪ ಬಿಟ್ಟಿ ಅನ್ನುತ್ತಿದ್ದ.

ಔಷಧಿ ಕೊಡುವುದು ಐತವಾರ. ಅವತ್ತು ಮನೆಯಲ್ಲಿ ಕೊನೆಯ ರೋಗಿ ಹೊಸ್ತಿಲು ದಾಟುವ ತನಕ ಒಲೆ ಹೊತ್ತಿಸುವ ಹಾಗಿಲ್ಲ, ಉಪ್ಪು ಮುಟ್ಟುವ ಹಾಗಿಲ್ಲ. ಉಪ್ಪು ತಾಗಿದರೆ ಔಷಧಿ ಸಾಯುತ್ತದೆ ಅನ್ನುವುದು ಮುತ್ಯಾನ ಶಾಸ್ತ್ರ. ರೋಗಿಗಳು ಮಾನ್ವಿ ಕಡೆಯಿಂದ, ನೀರಮಾನ್ವಿ, ಬಾಗಲವಾಡದಿಂದ, ರಾಯಚೂರು ದಾಟಿ ಗುಂಜಹಳ್ಳಿಯಿಂದ, ಹೊಳೆಯಾಚೆಯ ತೆಲುಗು ಊರುಗಳಿಂದಲೂ ಬರುತ್ತಿದ್ದರು. ಅರಿಶಿಣ ಕಣ್ಣುಗಳ ಸಾಲು ಪಡಸಾಲೆಯಿಂದ ಓಣಿಯ ತಿರುವಿನವರೆಗೆ ಕೂತಿರುತ್ತಿತ್ತು. ನಾವು ಹಸಿದ ಹೊಟ್ಟೆಯಲ್ಲಿ ಆ ಸಾಲು ಕರಗುವುದನ್ನೇ ಕಾಯುತ್ತ ಕಂಬಕ್ಕೆ ಒರಗಿರುತ್ತಿದ್ದೆವು. ಬೇರೆ ಮಕ್ಕಳಿಗೆ ಐತವಾರ ಅಂದರೆ ಆಟ, ನಮಗೆ ಉಪವಾಸ. ಆ ರೋಗಿಗಳ ಮೇಲೆ ನನಗೆ ಕನಿಕರ ಬರುತ್ತಿರಲಿಲ್ಲ. ಇನ್ನೊಬ್ಬರು ಬಂದು ಸಾಲಿನ ತುದಿಗೆ ಕೂತರೆಂದರೆ ಅವರ ಮೇಲೆ ನನಗೆ ಸುಡುಸುಡು ಸಿಟ್ಟು ಬರುತ್ತಿತ್ತು.

ಇನ್ನೊಂದು ಕಟ್ಟಳೆ ಇದಕ್ಕಿಂತ ವಿಚಿತ್ರದ್ದು. ನಮ್ಮ ಸೀಮೆಯಲ್ಲಿ ಮನೆಗೆ ಬಂದವರಿಗೆ ‘ಬರ್ರಿ’ ಅನ್ನದಿದ್ದರೆ ಅದು ಬೈದಂತೆ. ಹಗೆಯವನು ಬಂದರೂ ಮೊದಲು ಬರ್ರಿ, ಆಮೇಲೆ ಜಗಳ. ಆದರೆ ನಮ್ಮ ಮನೆಯಲ್ಲಿ ಐತವಾರ ಆ ಮಾತು ಬಾಯಿಂದ ಬೀಳುವ ಹಾಗಿರಲಿಲ್ಲ. ಬಾ ಅಂದರೆ ಕಾಮಣಿಯೂ ಜೊತೆಗೆ ಬರುತ್ತದಂತೆ. ರೋಗಿಯೂ ಹೋಗುವಾಗ ‘ಹೋಗಿ ಬರ್ತೀನಿ’ ಅನ್ನಬಾರದು, ಹಿಂದಿರುಗಿ ನೋಡಬಾರದು. ಬಂದವರು ಮಾತಿಲ್ಲದೆ ಬಂದು ಮಾತಿಲ್ಲದೆ ಎದ್ದು ಹೋಗುತ್ತಿದ್ದರು. ಮುತ್ಯಾನ ಬಾಯಿಂದ ಹೊರಡುತ್ತಿದ್ದದ್ದು ಎರಡೇ ಮಾತು: ‘ಯಾರ ಮಗಳವ್ವಾ’, ಗಂಡಸಾದರೆ ‘ಯಾರ ಮಗನಪಾ’. ಅಷ್ಟು ಕೇಳಿ, ಉತ್ತರ ಕಿವಿಗೆ ಹಾಕಿಕೊಳ್ಳದೆ, ಮೀಸೆಯ ಮೇಲೆ ಕೈಯಾಡಿಸಿ ಔಷಧಿ ಕೊಡುತ್ತಿದ್ದ.

ಆ ಔಷಧಿ ಮನೆತನದ ಗುಟ್ಟು. ಮಗನಿಗೆ ಹೇಳಬಹುದು, ಸೊಸೆಗೆ ಹೇಳಬಹುದು, ಮಗಳಿಗೆ ಹೇಳಬಾರದು. ಮಗಳಾದವಳು ಕೊಟ್ಟ ಮನೆಗೆ ಗುಟ್ಟನ್ನೂ ಕಟ್ಟಿಕೊಂಡು ಹೋಗುತ್ತಾಳೆ ಅನ್ನುವ ಭಯ. ಶನಿವಾರ ಸಂಜೆ ಮುತ್ಯಾ ಹೆಗಲಿಗೆ ಚೀಲ ಹಾಕಿಕೊಂಡು ಹಳ್ಳದ ದಂಡೆಗೆ ಹೋಗಿ, ನೋಡಿದವರಿಗೆ ತಿಳಿಯಬಾರದೆಂದು ಉತ್ತರಾಣಿ, ತುಂಬೆ, ಗರಿಕೆ, ಸಿಕ್ಕಿದ ಕಸವನ್ನೆಲ್ಲ ಕಿತ್ತು ಅದರ ನಡುವೆ ನೆಲನೆಲ್ಲಿಯನ್ನು ಮುಚ್ಚಿಟ್ಟುಕೊಂಡು ಬರುತ್ತಿದ್ದ. ಮನೆಗೆ ಬಂದು ಉಳಿದದ್ದನ್ನು ಆಡಿಗೆ ಹಾಕುತ್ತಿದ್ದ. ಇಷ್ಟೆಲ್ಲ ಕಳ್ಳಾಟ ಯಾವ ಗಿಡಕ್ಕೆ? ಗೇಣುದ್ದ ಬೆಳೆಯುವ, ಹುಣಸೆಯಂಥ ಎಲೆಯ, ಎಲೆಯಡಿ ಮಣಿ ಪೋಣಿಸಿದ ಹಾಗೆ ಪುಟ್ಟ ಪುಟ್ಟ ಕಾಯಿ ಬಿಡುವ ಗಿಡಕ್ಕೆ. ಅದನ್ನು ಗುರುತಿಸದ ಹೆಂಗಸು ನಮ್ಮ ಓಣಿಯಲ್ಲಿ ಒಬ್ಬಳೂ ಇರಲಿಲ್ಲ. ಉರಿಮೂತ್ರ ಅಂದರೆ ಆಡಿನ ಹಾಲಿನಲ್ಲಿ ಅರೆದು ಕುಡಿಸುತ್ತಿದ್ದರು, ಬಿಡದ ಜ್ವರಕ್ಕೆ ಮೆಣಸು ಹಾಕಿ ಕಷಾಯ ಕಾಯಿಸುತ್ತಿದ್ದರು, ಗಾಯಕ್ಕೆ ಜಜ್ಜಿ ಕಟ್ಟುತ್ತಿದ್ದರು, ಹೊಟ್ಟೆ ಕೆಟ್ಟ ಕೂಸಿಗೆ ಅದರ ರಸವನ್ನು ಮಜ್ಜಿಗೆಯಲ್ಲಿ ನೆಕ್ಕಿಸುತ್ತಿದ್ದರು. ತೆಲುಗಿನವರು ನೇಲ ಉಸಿರಿ ಅಂತ ಕರೆದು ಅವರೂ ಇದನ್ನೇ ಮಾಡುತ್ತಿದ್ದರು. ಎಲ್ಲಕ್ಕಿಂತ ಹುಲುಸಾಗಿ ಅದು ಬೆಳೆದಿದ್ದದ್ದು ನಮ್ಮ ಬಚ್ಚಲ ಮೋರಿಯ ಪಕ್ಕದಲ್ಲಿ. ಮುತ್ಯಾ ಅದನ್ನು ದಾಟಿಕೊಂಡು ಹಳ್ಳಕ್ಕೆ ಹೋಗುತ್ತಿದ್ದ.

ಅವ್ವ ಖೋಲಿಯೊಳಗೆ ಬಾಗಿಲು ಹಾಕಿಕೊಂಡು ಅದನ್ನು ಅರೆಯುತ್ತಿದ್ದಳು. ಆಗ ನನ್ನನ್ನು ಹೊರಗೆ ಅಟ್ಟುತ್ತಿದ್ದರು. ಮಧ್ಯಾಹ್ನ ಇಳಿದ ಮೇಲೆ ಒಲೆ ಹೊತ್ತಿ, ರೊಟ್ಟಿ ಬೆಂದು, ಅವ್ವ ಮೊದಲ ತುತ್ತನ್ನು ನನ್ನ ಬಾಯಿಗಿಟ್ಟಾಗ ಅವಳ ಬೆರಳು ಕಹಿಯಾಗಿರುತ್ತಿತ್ತು. ಎಷ್ಟು ತೊಳೆದರೂ ಹೋಗದ ಕಹಿ. ಬಚ್ಚಲ ಪಕ್ಕದ ಗಿಡದ ಎಲೆ ಕಚ್ಚಿ ನೋಡಿದಾಗ ಅದೇ ಕಹಿ ಸಿಕ್ಕಿತು. ಮೂರು ತಲೆಮಾರಿನ ಗುಟ್ಟನ್ನು ತಿಳಿಯಲು ನನಗೆ ಬೇಕಾದದ್ದು ಇಷ್ಟೇ. ಗಿಡದ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ, ಅದು ಪಾಪ ತನ್ನ ಪಾಡಿಗೆ ಬೆಳೆದುಕೊಂಡಿತ್ತು.

ಇನ್ನು ಬಟ್ಟಲು. ಅಂಗೈಯಷ್ಟು ಅಗಲದ ಕರಿಕಲ್ಲಿನ ಬಟ್ಟಲು, ತುಟಿ ತಾಗಿ ತಾಗಿ ಅಂಚು ಸವೆದು ನುಣುಪಾಗಿತ್ತು. ರೋಗಿ ಅರೆದ ಸೊಪ್ಪಿನ ಉಂಡೆಯನ್ನು ನುಂಗಿ, ಆ ಬಟ್ಟಲಲ್ಲೇ ಮಜ್ಜಿಗೆ ಕುಡಿಯಬೇಕು. ಜೊತೆಗೆ ಬಂದವರೂ ಅದರಲ್ಲೇ ಒಂದು ಗುಟುಕು ಕುಡಿಯಬೇಕು. ನಡುವೆ ತೊಳೆಯುವ ಹಾಗಿಲ್ಲ, ತೊಳೆದರೆ ಕಲ್ಲಿನ ಶಕ್ತಿ ನೀರಿಗೆ ಹೋಗುತ್ತದಂತೆ. ಒಬ್ಬರು ಕುಡಿದಿಟ್ಟದ್ದನ್ನು ಮುತ್ಯಾ ಹಾಗೇ ಮಜ್ಜಿಗೆಯ ಹರವಿಯೊಳಗೆ ಅದ್ದಿ ಮುಂದಿನವರಿಗೆ ಕೊಡುತ್ತಿದ್ದ. ಕೊನೆಗೆ ಹರವಿಯ ತಳದಲ್ಲಿ ಉಳಿದದ್ದು ಮನೆಯ ಮಕ್ಕಳಿಗೆ ಪ್ರಸಾದ. ಬೆಳಗಿನಿಂದ ಹಸಿದಿದ್ದ ನಾನು ಅದನ್ನು ಗಟಗಟ ಕುಡಿಯುತ್ತಿದ್ದೆ. ಅಣ್ಣನಿಗೆ ಮಜ್ಜಿಗೆ ಸೇರುತ್ತಿರಲಿಲ್ಲ.

ನಮ್ಮ ಈ ವೈಭವಕ್ಕೆ ಮೂಗು ಮುರಿಯುತ್ತಿದ್ದವಳು ಊರಲ್ಲಿ ಒಬ್ಬಳೇ, ಎದುರುಮನೆಯ ನಾಗಮ್ಮ. ಗಂಡ ಸತ್ತವಳು, ಮಕ್ಕಳಿಲ್ಲದವಳು, ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಬಜ್ಜಿ, ಮಂಡಕ್ಕಿ ಮಾರುತ್ತಿದ್ದಳು. ತಂಬಾಕು ಜಗಿದು ಕಪ್ಪಾದ ಹಲ್ಲು, ಬಾಯಿ ತೆರೆದರೆ ಬೈಗುಳ. ಒಳ್ಳೆಯವಳು ಅಂತ ಹೇಳಲಾರೆ. ಗಿರಾಕಿಗಳಿಗೆ ಹಳೆಯ ಎಣ್ಣೆಯಲ್ಲೇ ಕರಿದು ಕೊಡುತ್ತಿದ್ದಳು, ಕೇಳಿದರೆ ಅವರ ಅಪ್ಪನ ಮನೆಯ ಎಣ್ಣೆಯ ಸುದ್ದಿ ತೆಗೆಯುತ್ತಿದ್ದಳು. ಐತವಾರ ಅಂಗಡಿಗೆ ಹೊರಡುವಾಗ ಹಿಟ್ಟಿನ ಡಬ್ಬಿ ಸೊಂಟಕ್ಕಿಟ್ಟುಕೊಂಡು ನಮ್ಮ ಪಡಸಾಲೆಯ ಮುಂದೆ ಬೇಕಂತಲೇ ನಿಲ್ಲುತ್ತಿದ್ದಳು.

“ಕಾಕಾ, ಇವತ್ತ ಎಷ್ಟು ಮಂದಿಗೆ ಹುಲ್ಲು ತಿನ್ನಿಸಿದಿ?”

ಮುತ್ಯಾ ಕೇಳಿಸದವನ ಹಾಗೆ ಮುಖ ತಿರುಗಿಸುತ್ತಿದ್ದ. ನನಗೆ ಒಳಗೊಳಗೇ ಹಿತವಾಗುತ್ತಿತ್ತು.

ಒಂದು ಬೇಸಿಗೆ ಮಾನ್ವಿ ಕಡೆಯಿಂದ ಒಬ್ಬ ಹೊಸ ಸೊಸೆಯನ್ನು ಕರೆತಂದರು. ಕಾಲುಂಗುರ ಇನ್ನೂ ಹೊಳೆಯುತ್ತಿದ್ದವು. ಹೊಟ್ಟೆ ಉಬ್ಬಿತ್ತು, ಕಣ್ಣು ತೆರೆದಿಡಲು ಆಗುತ್ತಿರಲಿಲ್ಲ. ಕಂಬಕ್ಕೆ ಒರಗಿದವಳು ನನ್ನ ಲಂಗದ ತುದಿ ಹಿಡಿದು ಒಂದು ಹರಳು ಉಪ್ಪು ಕೊಡು ಅಂದಳು, ಬಾಯಿ ಸಪ್ಪಗಾಗಿ ಜೀವ ಹೋಗುತ್ತಿದೆ ಅಂದಳು. ಔಷಧಿ ಉಂಡವರು ಗುಣವಾಗುವ ತನಕ ಉಪ್ಪು ಬಿಡಬೇಕಿತ್ತು, ಅದು ಪಥ್ಯ. ನಾನು ಕೊಡಲಿಲ್ಲ, ಕೊಡುವುದಕ್ಕೆ ಉಪ್ಪಿನ ಗಡಿಗೆ ನನ್ನ ಕೈಗೆ ಎಟಕುವಲ್ಲಿ ಇರಲೂ ಇಲ್ಲ. ಕೆಲವು ವಾರ ಕಳೆದು ಅವಳ ಮಾವ ಒಬ್ಬನೇ ಬಂದ. ಸೊಸೆ ಹೋದಳು ಅಂತ ಹೇಳಲು ಬಂದಿದ್ದ.

“ಉಪ್ಪು ತಿಂದಿದ್ಳೇನು?” ಮುತ್ಯಾ ಕೇಳಿದ.

“ಒಂದಿನ ಉಪ್ಪಿನಕಾಯಿ ನೆಕ್ಕಿದ್ಳಂತ್ರಿ ಯಪ್ಪಾ.”

“ಮತ್ತ?”

ಅಷ್ಟೇ. ಆ ಮನುಷ್ಯ ತಮ್ಮದೇ ತಪ್ಪಾಯಿತು ಅಂತ ಮುತ್ಯಾನ ಕಾಲಿಗೆ ಬಿದ್ದು ಹೋದ. ಮುತ್ಯಾ ಕಾಲು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ. ಗುಣವಾದರೆ ಔಷಧಿಯ ಗುಣ, ಸತ್ತರೆ ಪಥ್ಯದ ತಪ್ಪು. ಇಂಥ ಸುಖದ ಉದ್ಯೋಗ ಜಗತ್ತಿನಲ್ಲಿ ಇನ್ನೊಂದು ಇರಲಾರದು. ಅವತ್ತಿನಿಂದ ನನಗೆ ಆ ಪಡಸಾಲೆಯಲ್ಲಿ ಕೂರಲು ಹೆದರಿಕೆಯಾಗುತ್ತಿತ್ತು.

ಅದೇ ಮಳೆಗಾಲ ನನ್ನ ಕಣ್ಣು ಅರಿಶಿಣವಾದವು. ಉಂಡದ್ದು ನಿಲ್ಲುತ್ತಿರಲಿಲ್ಲ, ನಿಂತರೆ ಕಾಲು ನಡುಗುತ್ತಿದ್ದವು. ಕಾಮಣಿ ಮನೆಯ ಮಗಳಿಗೇ ಕಾಮಣಿ. ಮುತ್ಯಾನಿಗೆ ನನ್ನ ಜೀವಕ್ಕಿಂತ ದೊಡ್ಡ ಚಿಂತೆ ಓಣಿಯ ಬಾಯಿಯದು. ಗೊತ್ತಾದರೆ ಮಾನ ಉಳಿಯುವುದಿಲ್ಲವೆಂದು ಅವನು ಹೂಡಿದ ಉಪಾಯ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ನನ್ನ ಮುಖ, ಕೈಕಾಲಿಗೆಲ್ಲ ದಿನಾ ಅರಿಶಿಣ ಮೆತ್ತಿಸಿದ. ಹಳದಿಯನ್ನು ಹಳದಿಯಲ್ಲಿ ಮುಚ್ಚುವ ಜಾಣತನ. ಅರಿಶಿಣ ಹಚ್ಚಿಕೊಂಡು ಒಳಗೇ ಕೂತ ಹುಡುಗಿಯನ್ನು ಕಂಡು ಓಣಿಯ ಹೆಂಗಸರು ನಾನು ದೊಡ್ಡವಳಾದೆ ಎಂದುಕೊಂಡು ಕೊಬ್ಬರಿ, ಬೆಲ್ಲ, ಎಲೆ ಅಡಿಕೆ ಹಿಡಿದು ಆರತಿ ಮಾಡಲು ಬಂದರು. ಅವ್ವ ಬಾಗಿಲಲ್ಲಿ ನಿಂತು ಹಾಗೇನಿಲ್ಲ ಅಂತ ಹೇಳುವಷ್ಟರಲ್ಲಿ ನಾನು ಅವರೆದುರೇ ವಾಂತಿ ಮಾಡಿಕೊಂಡೆ. ಬಂದವರಲ್ಲಿ ಹಿರಿಯಳೊಬ್ಬಳು ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, ಕೊಬ್ಬರಿಯನ್ನು ಸೆರಗಿಗೆ ವಾಪಸು ಹಾಕಿಕೊಂಡಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಆಗ ಎದ್ದದ್ದು ಇನ್ನೊಂದು ಶಾಸ್ತ್ರ. ಮನೆಯ ಔಷಧಿ ಮನೆಯವರಿಗೆ ಹತ್ತುವುದಿಲ್ಲ. ಹತ್ತಬೇಕಾದರೆ ಮಗುವನ್ನು ಬೇರೆ ಮನೆಗೆ ಕೊಟ್ಟುಬಿಡಬೇಕು, ಆ ಮನೆಯವರು ತಮ್ಮ ಮಗುವೆಂದು ಔಷಧಿಗೆ ಕರೆತರಬೇಕು. ಆ ಮನೆಯೂ ಹಿಂದೆಂದೂ ಈ ಔಷಧಿ ಉಣ್ಣದ ಮನೆಯಾಗಿರಬೇಕು. ನಮ್ಮ ಓಣಿಯಲ್ಲಿ ಅಂಥದ್ದು ಇದ್ದದ್ದು ಒಂದೇ. ಉಪ್ಪು, ಎಣ್ಣೆ, ಖಾರ ಬಿಡಬೇಕಾದ ಹುಡುಗಿಯನ್ನು ಮಿರ್ಚಿ ಬಜ್ಜಿಯವಳಿಗೆ ಕೊಡುವುದೆಂದು ತೀರ್ಮಾನವಾಯಿತು. ಕೇಳಲು ಮುತ್ಯಾ ಹೋಗಲಿಲ್ಲ, ಅಪ್ಪನನ್ನು ಕಳಿಸಿದ. ನಾನು ಅಪ್ಪನ ಬೆರಳು ಹಿಡಿದು ನಿಂತಿದ್ದೆ.

“ಹೇಳಿಕಿಗೆ ಅಷ್ಟ ನಾಗಮ್ಮಕ್ಕಾ. ಔಷಧಿ ಹತ್ತಿದ ಮ್ಯಾಲ ಅಕಿ ತಾನ ಮನಿಗಿ ಬರ್ತಾಳ.”

“ಹೇಳಿಕಿಗೆ ಆದ್ರ ನಾ ಒಲ್ಲೆ. ಕೊಡಾದಾದ್ರ ಕೊಟ್ಟಬಿಡ್ರಿ.”

ಅಪ್ಪ ನನ್ನ ಮುಖ ನೋಡಿದ, ನೆಲ ನೋಡಿದ, ಹೂಂ ಅಂದ. ಪದ್ಧತಿಯ ಪ್ರಕಾರ ಮಗುವನ್ನು ಮೊರದಲ್ಲಿ ಮಲಗಿಸಿ, ಹಿಡಿ ತೌಡಿಗೆ ಬದಲಾಗಿ ಕೊಡಬೇಕು. ಹಸುಗೂಸಿಗೆ ಸರಿ. ನಾನು ಏಳನೆಯ ಇಯತ್ತೆಯ ಹುಡುಗಿ, ಮೊರದ ಮೇಲೆ ಕೂತ ಕೂಡಲೇ ಬಿದಿರು ಮುರಿಯಿತು. ನಾಗಮ್ಮನ ಮನೆಯಲ್ಲಿ ತೌಡೂ ಇರಲಿಲ್ಲ.

“ಕಡ್ಲಿಹಿಟ್ಟು ಅದ, ನಡೀತದೇನು?”

ನಡೆಯಿತು. ಹೀಗೆ ನಾನು ಒಂದು ಹಿಡಿ ಕಡ್ಲಿಹಿಟ್ಟಿಗೆ ಹೋದೆ. ಅವ್ವ ಎದುರಿಗೆ ನಮ್ಮ ಖೋಲಿಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನನಗೆ ಅವಳ ಮೇಲೂ ತಿರಸ್ಕಾರ ಹುಟ್ಟಿತು. ಬಾಯಿ ಇರುವುದು ಸೆರಗು ತುರುಕಿಕೊಳ್ಳಲಿಕ್ಕೆ ಮಾತ್ರವೇ ಎಂದು ಅನ್ನಿಸಿತು.

ಮುಂದಿನ ಐತವಾರ ನಾಗಮ್ಮ ನನ್ನ ಕೈ ಹಿಡಿದು ಎದುರುಮನೆಗೆ ಕರೆದೊಯ್ದಳು. ನಮ್ಮದೇ ಪಡಸಾಲೆಯಲ್ಲಿ, ಸಾಲಿನಲ್ಲಿ, ಬಾಗಲವಾಡದ ಒಬ್ಬ ಮುದುಕನ ಹಿಂದೆ ಕೂತೆ. ನನ್ನ ಸರದಿ ಬಂತು. ಮುತ್ಯಾ ನನ್ನ ತಲೆಯ ಮೇಲಿನಿಂದ ಎತ್ತಲೋ ನೋಡುತ್ತ ಕೇಳಿದ.

“ಯಾರ ಮಗಳವ್ವಾ?”

ಹೇಳಬೇಕಾದದ್ದನ್ನು ಅಪ್ಪ ಹಿಂದಿನ ದಿನವೇ ಕಲಿಸಿದ್ದ. ಆದರೂ ಬಾಯಿಗೆ ಬರಲಿಲ್ಲ. ನಾಗಮ್ಮ ಹಿಂದಿನಿಂದ ತಿವಿದಳು.

“ನಾಗಮ್ಮನ ಮಗಳು,” ಅಂದೆ.

ಖೋಲಿಯ ಬಾಗಿಲ ಸಂದಿಯಿಂದ ಹಸಿರು ಹತ್ತಿದ ಕೈಯೊಂದು ಹೊರಬಂದು ಉಂಡೆಯನ್ನು ನನ್ನ ಅಂಗೈಯಲ್ಲಿಟ್ಟಿತು. ನಾನು ದಿನಾ ಹಿಡಿದು ಮಲಗುತ್ತಿದ್ದ ಕೈ. ಬೆರಳನ್ನು ಹಿಡಿದುಕೊಳ್ಳಬೇಕೆನ್ನುವಷ್ಟರಲ್ಲಿ ಒಳಗೆ ಹೋಯಿತು. ಉಂಡೆ ನುಂಗಿದೆ, ಮುದುಕ ಕುಡಿದಿಟ್ಟ ಬಟ್ಟಲಲ್ಲಿ ಮಜ್ಜಿಗೆ ಕುಡಿದೆ, ಎದ್ದೆ. ಹಿಂದಿರುಗಿ ನೋಡಬಾರದು ಅನ್ನುವುದು ಕಟ್ಟಳೆ. ನಾನು ಕಟ್ಟಳೆಗೆ ಹೆದರಿ ಅಲ್ಲ, ಸಿಟ್ಟಿನಿಂದ ನೋಡಲಿಲ್ಲ. ನಾಗಮ್ಮ ತನಗೆ ಕೊಟ್ಟ ಗುಟುಕನ್ನು ಎಲ್ಲರೂ ನೋ‌ಡುವಂತೆ ಅಂಗಳಕ್ಕೆ ಉಗುಳಿದಳು.

ಮರುದಿನವೇ ಅವಳು ಅಂಗಡಿ ಮುಚ್ಚಿ ನನ್ನನ್ನು ಬಸ್ಸಿನಲ್ಲಿ ರಾಯಚೂರಿಗೆ ಕರೆದುಕೊಂಡು ಹೋದಳು. ಪ್ರೀತಿಗಿಂತ ಹೆಚ್ಚಾಗಿ ಮುತ್ಯಾನ ಮೇಲಿನ ಹಟಕ್ಕೆ ಅನ್ನುವುದು ನನಗೆ ಆಗಲೇ ಗೊತ್ತಿತ್ತು, ದಾರಿಯುದ್ದಕ್ಕೂ ಅದನ್ನೇ ಹೇಳುತ್ತಿದ್ದಳು. ಡಾಕ್ಟರು ಹೆಣ್ಣುಮಗಳು, ಸಮಾಧಾನದವಳು. ಹೊಟ್ಟೆ ಒತ್ತಿ ನೋಡಿದಳು, ರಕ್ತ ತೆಗೆಸಿದಳು. ಇಂಥ ಕಾಮಾಲೆ ಹೆಚ್ಚಾಗಿ ತಾನಾಗಿಯೇ ಇಳಿಯುತ್ತದೆ, ಕಾಯಿಸಿ ಆರಿಸಿದ ನೀರು, ವಿಶ್ರಾಂತಿ, ಮೆತ್ತನೆಯ ಊಟ ಸಾಕು, ಹೊಟ್ಟೆ ಉಬ್ಬಿದರೆ ಅಥವಾ ಮಂಪರು ಬಂದರೆ ಮಾತ್ರ ಆ ಕ್ಷಣವೇ ಕರೆತನ್ನಿ ಅಂದಳು. ನನಗೆ ಮಾನ್ವಿಯ ಆ ಸೊಸೆ ನೆನಪಾದಳು. ಉಪ್ಪು ತಿನ್ನಬಹುದೇ ಅಂತ ಕೇಳಿದೆ. ಡಾಕ್ಟರು ನಕ್ಕು, ಯಾಕೆ ತಿನ್ನಬಾರದು ಅಂತ ನನ್ನನ್ನೇ ಕೇಳಿದಳು. ಆಮೇಲೆ ಇದು ಒಬ್ಬರ ಹೊಟ್ಟೆಯಿಂದ ಇನ್ನೊಬ್ಬರಿಗೆ ನೀರಿನಲ್ಲಿ, ಎಂಜಲು ಪಾತ್ರೆಯಲ್ಲಿ ಬರುವ ರೋಗ, ನೀನು ಯಾರ ಎಂಜಲು ಕುಡಿದೆ ಅಂತ ವಿಚಾರಿಸಿದಳು.

ನನ್ನ ತಲೆಯೊಳಗೆ ಕಲ್ಲಿನ ಬಟ್ಟಲು ಒಬ್ಬರ ತುಟಿಯಿಂದ ಹರವಿಗೆ, ಹರವಿಯಿಂದ ಇನ್ನೊಬ್ಬರ ತುಟಿಗೆ ಓಡಾಡುತ್ತಿತ್ತು. ಈ ವಾರ ರೋಗಿಯಾದ ತನ್ನ ಅಣ್ಣನ ಜೊತೆಗೆ ಬಂದು ಗುಟುಕು ಕುಡಿದ ತಂಗಿ ಮುಂದಿನ ತಿಂಗಳು ತಾನೇ ರೋಗಿಯಾಗಿ ಬಂದು ಕೂರುತ್ತಿದ್ದಳು. ಕಾಮಣಿ ಗಾಳಿ ಬಡಿದಿದೆ ಅನ್ನುತ್ತಿದ್ದ ಮುತ್ಯಾ. ತಾನಾಗಿ ಹೋಗುವ ರೋಗವನ್ನು ಹೋಗುವಾಗ ಬಾಗಿಲ ತನಕ ಕಳಿಸಿಕೊಟ್ಟು, ಅದಕ್ಕೇ ಕೀರ್ತಿ ಸಂಪಾದಿಸಿ, ಇನ್ನೊಂದು ಕೈಯಿಂದ ಅದನ್ನೇ ಬಟ್ಟಲಲ್ಲಿ ಹಂಚುತ್ತಿದ್ದ ನಮ್ಮ ಮನೆತನದ ಬಗ್ಗೆ ನಾನು ಅವತ್ತು ಬಸ್ಸಿನ ಕಿಟಕಿಯ ಪಕ್ಕ ಕೂತು ಮನಸಾರೆ ಅಸಹ್ಯಪಟ್ಟೆ. ಅಲ್ಲಿಯವರೆಗೆ ನನ್ನಲ್ಲಿದ್ದದ್ದು ಬರಿಯ ಹಸಿವಿನ ಸಿಟ್ಟು. ಆಮೇಲೆ ಹುಟ್ಟಿದ ಈ ಗುಣ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಯಾರಾದರೂ ಪರಂಪರೆ ಅಂದರೆ ಸಾಕು, ಅದನ್ನು ಯಾವ ಬಟ್ಟಲಲ್ಲಿ ಕೊಡುತ್ತಾರೆ ಅಂತ ನೋಡುತ್ತೇನೆ.

ನಾಗಮ್ಮನ ಮನೆಯಲ್ಲಿ ಗಂಜಿಗೆ ಉಪ್ಪು ಹಾಕಿ ಕುಡಿದು, ಅವಳ ಬೈಗುಳ ಕೇಳುತ್ತ ಚೇತರಿಸಿಕೊಂಡೆ. ಅವಳು ಓಣಿಯ ಒಬ್ಬರನ್ನೂ ಬಿಡದೆ ಆಡಿಕೊಳ್ಳುತ್ತಿದ್ದಳು, ನಾನು ಹಿಟ್ಟು ಜರಡಿ ಹಿಡಿಯುತ್ತ ನಗುತ್ತಿದ್ದೆ. ಅವಳನ್ನು ಅವ್ವಾ ಅನ್ನಬೇಕಿತ್ತು, ಅನ್ನುತ್ತಿದ್ದೆ. ಆದರೆ ಸಂಜೆ ಎದುರುಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ಕೇಳಿದರೆ ಗೋಡೆಯ ಕಡೆ ತಿರುಗಿ ಅಳುತ್ತಿದ್ದೆ. ಕಣ್ಣು ಬಿಳಿಯಾದವು. ಮುತ್ಯಾ ಅದನ್ನು ತನ್ನ ಔಷಧಿಯ ಮಹಿಮೆಯೆಂದು ಊರಿಗೆಲ್ಲ ಹೇಳಿದ. ಹುಡುಗಿ ಇನ್ನು ಮನೆಗೆ ಬರಬಹುದು, ಆದರೆ ತಾನಾಗಿ ಬರಬೇಕು, ಯಾರೂ ಕರೆಯಬಾರದು, ಕರೆದರೆ ಕಾಮಣಿಯನ್ನೂ ಕರೆದಂತೆ ಅಂತ ಅಪ್ಪನ ಕೈಯಲ್ಲಿ ಹೇಳಿ ಕಳಿಸಿದ.

“ಕರದ್ರ ಹೋಗು,” ನಾಗಮ್ಮ ಅಂದಳು. “ಕರೀಲಿಲ್ಲಾಂದ್ರ ಇಲ್ಲೇ ಹಿಟ್ಟು ಕಲಸಿಕೋತ ಇರು. ಕರೀದ ಮನಿಗಿ ಯಾಕ ಹೋಗ್ತಿ?”

ಐತವಾರ ಹೋದೆ. ಪಡಸಾಲೆ ತುಂಬ ಜನ. ಹೊಸ್ತಿಲ ಹೊರಗೇ ನಿಂತೆ. ಅಪ್ಪ ಕಣ್ಣಲ್ಲೇ ಒಳಗೆ ನಡಿ ಅಂದ. ನಾನು ನಡೆಯಲಿಲ್ಲ. ಮುತ್ಯಾ ಬಟ್ಟಲನ್ನು ಹರವಿಗೆ ಅದ್ದಿ ಒಬ್ಬ ಹುಡುಗಿಗೆ ಕೊಡುತ್ತಿದ್ದ, ನನ್ನಷ್ಟೇ ವಯಸ್ಸಿನವಳು. ಅವಳ ತಾಯಿ ಗುಟುಕಿಗಾಗಿ ಕೈ ಚಾಚಿದ್ದಳು. ನನ್ನ ಬಾಯಿ ತಾನಾಗಿ ತೆರೆಯಿತು.

“ಆ ಬಟ್ಟಲಾಗ ಕುಡೀಬ್ಯಾಡ್ರಿ. ಎಂಜಲದಿಂದ ಕಾಮಣಿ ಬರ್ತದಂತ. ನನಗ ಅದರಿಂದನ ಬಂದದ. ರಾಯಚೂರ ಡಾಕ್ಟರು ಹೇಳ್ಯಾರ.”

ಆ ತಾಯಿಯ ಕೈ ಅಲ್ಲೇ ನಿಂತಿತು. ಮುತ್ಯಾ ಮೀಸೆಯ ಮೇಲೆ ಕೈಯಾಡಿಸಿ, ಎಲ್ಲರಿಗೂ ಕೇಳುವಂತೆ, ಈ ಸಲ ನೇರವಾಗಿ ನನ್ನ ಕಣ್ಣನ್ನೇ ನೋಡಿ ಕೇಳಿದ.

“ಯಾರ ಮಗಳವ್ವಾ ನೀನು?”

ಇದು ಶಾಸ್ತ್ರದ ಪ್ರಶ್ನೆಯಾಗಿರಲಿಲ್ಲ. ನನಗೆ ಅದು ಅರ್ಥವಾಯಿತು, ಅಪ್ಪನಿಗೂ ಅರ್ಥವಾಯಿತು. ಅಪ್ಪ ಕಂಬದ ಕಡೆ ತಿರುಗಿಕೊಂಡ. ನಾನು ಖೋಲಿಯ ಬಾಗಿಲನ್ನು ನೋಡುತ್ತ ನಿಂತೆ. ಬಾಗಿಲು ಮುಚ್ಚೇ ಇತ್ತು. ಇನ್ನು ನಾಗಮ್ಮನ ಮನೆಯೇ ಗತಿ ಅಂತ ತಿರುಗಬೇಕು ಅನ್ನುವಷ್ಟರಲ್ಲಿ ಅದು ತೆರೆಯಿತು. ಅವ್ವ ಹೊರಗೆ ಬಂದಳು. ಮುಂಗೈವರೆಗೆ ಹಸಿರು. ಮುತ್ಯಾನೆದುರು ಎಂದೂ ನಿಲ್ಲದವಳು ಅವನ ಮುಂದೆ ಬಗ್ಗಿ, ಆ ಹುಡುಗಿಯ ಕೈಯಿಂದ ಬಟ್ಟಲು ತೆಗೆದುಕೊಂಡು ಅಡುಗೆಮನೆಗೆ ಹೋದಳು. ಉಪ್ಪಿನ ಗಡಿಗೆಯ ಮುಚ್ಚಳ ಸರಿದ ಸದ್ದು ಎಲ್ಲರಿಗೂ ಕೇಳಿಸಿತು.

ಬಟ್ಟಲ ತುಂಬ ಹರಳುಪ್ಪು ತಂದಳು. ಮಜ್ಜಿಗೆಯ ಹರವಿಗೆ ಬೋರಲು ಹಾಕಿದಳು. ಔಷಧಿಯ ಉಂಡೆಗಳಿದ್ದ ತಟ್ಟೆಯನ್ನೂ ಅದರೊಳಗೇ ಸುರಿದು ಕೈಯಿಂದ ಕಲಸಿದಳು.

“ಏನ ಮಾಡಿದಿ ಇದು?” ಅಪ್ಪ ಅಂದ. ನನಗೆ ತಿಳಿದಂತೆ ಮುತ್ಯಾನೆದುರು ಅವನು ಅವತ್ತು ಮೊದಲ ಸಲ ಹೂಂ ಬಿಟ್ಟು ಬೇರೆ ಮಾತಾಡಿದ.

ಅವ್ವ ಅವನ ಕಡೆ ನೋಡಲಿಲ್ಲ. ಸಾಲಿನಲ್ಲಿ ಕೂತವರಿಗೆ ಹೇಳಿದಳು.

“ಔಷಧಿ ಸತ್ತೋತು. ಇವತ್ತ ಇಲ್ಲಿ ಏನೂ ಇಲ್ಲ. ಎದ್ದು ಡಾಕ್ಟರ ಕಡಿ ಹೋಗ್ರಿ.”

ಜನ ಒಬ್ಬೊಬ್ಬರಾಗಿ ಎದ್ದರು. ಉಪ್ಪು ಬಿದ್ದ ಮೇಲೆ ಔಷಧಿ ಇಲ್ಲ ಅನ್ನುವುದು ಮುತ್ಯಾನದೇ ಶಾಸ್ತ್ರ. ಅದನ್ನು ಸುಳ್ಳೆಂದು ಅವನು ಹೇಗೆ ಹೇಳಿಯಾನು? ಮುಂದೆ ಪೂಜೆ ಗೀಜೆ ಮಾಡಿಸಿ ಮತ್ತೆ ಶುರುಮಾಡಿದ. ಆದರೆ ಸೊಪ್ಪು ಅರೆಯುವವಳು ಅವ್ವ, ಮತ್ತು ಅವರವರ ಲೋಟ ಅವರವರು ತಂದರೆ ಮಾತ್ರ ಅರೆಯುತ್ತೇನೆ ಅಂದಳು. ಅವತ್ತು ಮಾತ್ರ ಪಡಸಾಲೆ ಬೆಳಗಿನಲ್ಲೇ ಖಾಲಿಯಾಯಿತು. ಅವ್ವ ಖಾಲಿ ಬಟ್ಟಲು ಹಿಡಿದು ಹೊಸ್ತಿಲ ತನಕ ಬಂದಳು. ಅಂಚಿಗೆ ಉಪ್ಪಿನ ಹರಳು ಅಂಟಿದ್ದವು. ಬಟ್ಟಲನ್ನು ನನ್ನ ಕೈಗೆ ಕೊಟ್ಟಳು.

“ಇನ್ನ ಈ ಮನ್ಯಾಗ ಬಾ ಅಂದ್ರ ಯಾರಿಗೂ ಏನೂ ಆಗಂಗಿಲ್ಲ,” ಅಂದಳು. “ಬಾ ನನ ಮಗಳ. ಒಲಿ ಹಚ್ಚತೀನಿ, ಬಾ.”